ಮೇನ್ ಅಂದರೆ ಕಸುವು

ಹೊಸದುರ್ಗ
೧೨ ಜೂನ್ ೨೦೨೪

ಮಲ್ಲಕ್ಕನಿಗೆ,

ನೀನು ಎನ್ನಲೋ ನೀವು ಎನ್ನಲೋ ಎಂದು ಎರಡು ಹಾಳೆ ಹರಿದೆ. ಒಂಬತ್ತು ವರ್ಷ ಒಂದೇ ಬಾಡಿಗೆ ಮನೆಯಲ್ಲಿ ಇದ್ದವರು ನಾವು, ನೀನು ಎಂದೇ ಬರೆಯುತ್ತೇನೆ.

ನಿನ್ನ ಹಳೆಯ ನಂಬರಿಗೆ ಫೋನ್ ಮಾಡಿದರೆ ಹೊಳಲ್ಕೆರೆಯ ಯಾವುದೋ ಟೈರ್ ಅಂಗಡಿಯವರು ಎತ್ತಿದರು. ನಮ್ಮ ಶಾಲೆಯ ಗುಮಾಸ್ತರಾಗಿದ್ದ ಚಿತ್ತಯ್ಯ ಮೊನ್ನೆ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದರು. "ಚಿಕ್ಕಜಾಜೂರು, ಗೇಟ್ ಜಂಪಣ್ಣನವರ ಮಗಳು ಅಂತ ಬರೀರಿ, ಮುಟ್ತೈತೆ" ಎಂದರು. ಮುಟ್ಟಿದರೆ ಓದು. ಬೇಡವೆನಿಸಿದರೆ ಇಲ್ಲಿಗೇ ನಿಲ್ಲಿಸು.

ಮಾರ್ಚ್ ಕೊನೆಗೆ ನಾನೂ ನಿವೃತ್ತಳಾದೆ. ಕಳೆದ ವಾರ ಮನೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಗಿರೀಶ್ ಎನ್ನುವ ಎಲೆಕ್ಟ್ರಿಷಿಯನ್ ಬಂದು ಬೋರ್ಡು ಬಿಚ್ಚಿ ನೋಡಿ "ಮೇನೇ ಹೋಗೈತೆ ಮೇಡಂ" ಎಂದ. ಕೆಲಸ ಮುಗಿಸಿ ವೈರು ಸುತ್ತುತ್ತಾ ಕೇಳಿದ: "ನೀವು ಇಂಗ್ಲಿಷ್ ಹೇಳ್ಕೊಟ್ಟೋರು. ಈ ಮೇನ್ ಅಂದ್ರೆ ಏನು? ಮೇನ್ ಸ್ವಿಚ್ಚು, ಮೇನ್ ರೋಡು, ಮೇನ್ ಲೈನು, ಎಲ್ಲದಕ್ಕೂ ಅಂತೀವಿ." ಮುಖ್ಯವಾದದ್ದು ಎಂದೆ. ಅವನು ಒಪ್ಪಿಕೊಂಡು ಹೋದ. ನನಗೆ ಸಮಾಧಾನವಾಗಲಿಲ್ಲ. ಬೀಳ್ಕೊಡುಗೆಯ ದಿನ ಶಾಲೆಯವರು ಕೊಟ್ಟ ದಪ್ಪ ನಿಘಂಟು ಇನ್ನೂ ಪ್ಲಾಸ್ಟಿಕ್ ಹೊದಿಕೆಯಲ್ಲೇ ಇತ್ತು. ಅದನ್ನು ಬಿಡಿಸಿ ನೋಡಿದೆ.

ಆ ಪದದ ಮೊದಲ ಅರ್ಥ ಮುಖ್ಯ ಎಂದಲ್ಲ. ಮೊದಲ ಅರ್ಥ ಮೈಯ ಬಲ. ಕಸುವು. ಪಕ್ಕದಲ್ಲಿ 'ಬಳಕೆ ತಪ್ಪಿದ್ದು' ಎಂಬ ಗುರುತು. ಈಗ 'ಮೈಟ್ ಅಂಡ್ ಮೇನ್' ಎಂಬ ಜೋಡಿಯಲ್ಲಿ ಮಾತ್ರ ಉಳಿದಿದೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ನಿನಗೆ ನೆನಪಿರಲೇಬೇಕು. ೨೦೧೨ರ ಡಿಸೆಂಬರ್, ಹಿರೇಗುಂಟನೂರು ದಾಟಿ ಬಸ್ಸು ತಿರುಗಿಸಿಕೊಳ್ಳುವ ಊರಿನ ನಮ್ಮ ಹೈಸ್ಕೂಲು, ಕ್ರೀಡಾಕೂಟದ ಹಿಂದಿನ ದಿನ. ಬಿಳಿ ಬಟ್ಟೆಯ ಮೇಲೆ ನೀಲಿ ಬಣ್ಣದಲ್ಲಿ, ಪಿ.ಟಿ. ಟೀಚರಾಗಿದ್ದ ನೀನು 'ವಿತ್ ಮೈಟ್ ಅಂಡ್ ಮೇನ್' ಎಂದು ಬರೆದಿಟ್ಟಿದ್ದೆ. ನಾನು ನಿನ್ನನ್ನು ಕರೆಸಿ, ಎಲ್ಲರ ಎದುರು "ಮೇನ್ ಅಂದರೆ ಮುಖ್ಯ, ಮುಖ್ಯವಾದ ಏನು? ವಾಕ್ಯ ಅರ್ಧಕ್ಕೇ ನಿಂತಿದೆಯಲ್ಲ" ಎಂದೆ. ಸ್ಟಾಫ್ ರೂಮಿನಲ್ಲಿ ನಕ್ಕರು. ನಾನೇ ಅದನ್ನು 'ಮೈಂಡ್' ಎಂದು ತಿದ್ದಿಸಿದೆ. ಮೈಯ ಬಲಕ್ಕೆ ಮನಸ್ಸಿನ ಬಲ ಸೇರಿಸಿದೆನೆಂದು ಒಳಗೊಳಗೇ ಹಿಗ್ಗಿದೆ.

ನೀನು ಬರೆದದ್ದೇ ಸರಿ ಇತ್ತು. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನನಗೆ ಗೊತ್ತಿರಲಿಲ್ಲ. ಅದಕ್ಕಾಗಿ ಕ್ಷಮೆ ಕೇಳುತ್ತಿದ್ದೇನೆ. ಜೊತೆಗೆ ಒಂದು ಕುತೂಹಲ: ಆ ಸಾಲು ನಿನಗೆ ಎಲ್ಲಿ ಸಿಕ್ಕಿತ್ತು?

ಅನುಸೂಯ

*

ಚಿಕ್ಕಜಾಜೂರು
೩ ಜುಲೈ ೨೦೨೪

ಅನುಸೂಯ,

ನಿನ್ನ ಪತ್ರ ಮುಟ್ಟಿತು. ಪೋಸ್ಟ್‌ಮ್ಯಾನ್ ಅದನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪನಿಗೆ ಎಂಬತ್ತೆಂಟು, ಕಣ್ಣು ಮಂಜು. ಲಕೋಟೆ ಸವರಿ ನೋಡಿ "ಸರ್ಕಾರದ್ದಲ್ಲ, ತೆಳ್ಳಗೈತೆ" ಎಂದು ನನಗೆ ಕೊಟ್ಟ.

ನನ್ನ ಹೊಸ ನಂಬರ್ ಕೊಡುವುದಿಲ್ಲ. ಸಿಟ್ಟಿಗಲ್ಲ. ಫೋನಿನಲ್ಲಾದರೆ ಪೂರ್ತಿ ನೀನೇ ಮಾತಾಡುತ್ತೀಯ. ಕಾಗದದಲ್ಲಾದರೆ ನನ್ನ ಸರದಿ ಬರುತ್ತದೆ.

ಆ ಸಾಲು ಎಲ್ಲಿಂದ ಬಂತು ಎಂದು ಅವತ್ತೇ ನೀನು ಕೇಳಿದ್ದರೆ ಹೇಳುತ್ತಿದ್ದೆ. ನಮ್ಮ ಮನೆಯ ಗೂಡಿನಲ್ಲಿ ಒಂದು ಹಿತ್ತಾಳೆ ಕಪ್ ಇದೆ. ಅಪ್ಪ ಗೇಟ್‌ಮ್ಯಾನ್ ಆಗುವ ಮೊದಲು ಹಳಿ ರಿಪೇರಿ ಗ್ಯಾಂಗಿನಲ್ಲಿದ್ದ. ಆಗ ರೈಲ್ವೆಯವರು ಹಗ್ಗ ಜಗ್ಗಾಟ ಇಡಿಸಿದ್ದರಂತೆ. ಅಪ್ಪನ ಗ್ಯಾಂಗು ಗೆದ್ದಿತು. ಕಪ್ಪಿನ ಮೇಲೆ ಆ ನಾಲ್ಕು ಪದ ಕೊರೆದಿವೆ. ನಾನು ಇಂಗ್ಲಿಷ್ ಅಕ್ಷರ ಬರೆಯಲು ಕಲಿತದ್ದೇ ಅದನ್ನು ನೋಡಿ, ಸ್ಲೇಟಿನ ಮೇಲೆ ತಿದ್ದಿ ತಿದ್ದಿ. ಹಂಗಂದ್ರೆ ಏನಪ್ಪ ಎಂದು ಕೇಳಿದ್ದೆ. "ಮೈಯಾಗಿರೋದೆಲ್ಲ ಹಾಕಿ ಜಗ್ಗು ಅಂತ. ಸ್ಟೇಷನ್ ಮಾಸ್ಟ್ರು ಹೇಳಿದ್ರು" ಎಂದಿದ್ದ. ಅಪ್ಪ ಶಾಲೆಗೆ ಹೋದದ್ದು ಎರಡನೇ ಕ್ಲಾಸಿನವರೆಗೆ.

ಅವತ್ತು ಸ್ಟಾಫ್ ರೂಮಿನಲ್ಲಿ ನಾನು ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ಗ್ಯಾಂಗ್‌ಮ್ಯಾನ್ ಹೇಳಿದ ಅರ್ಥವನ್ನು ಇಂಗ್ಲಿಷ್ ಎಂ.ಎ. ಮಾಡಿದವಳ ಎದುರು ಹೇಗೆ ಇಡಲಿ ಅನಿಸಿತು. ಆಮೇಲೆ ನನಗೇ ಅನುಮಾನ ಬಂತು, ಅಪ್ಪನಿಗೆ ಸ್ಟೇಷನ್ ಮಾಸ್ಟ್ರು ಏನೋ ಒಂದು ಹೇಳಿ ಕಳಿಸಿರಬೇಕು ಎಂದು.

ನಿಘಂಟಿನಲ್ಲಿ ಇರುವುದನ್ನು ಅಪ್ಪನಿಗೆ ಹೇಳಿದೆ. "ನಾನು ಅದ್ನೇ ಹೇಳಿದ್ದು" ಎಂದ, ಅಷ್ಟೆ.

ಈಗ ನನಗೂ ಕುತೂಹಲ. ಒಂದು ಪದ ಸಾಯುವುದು ಹೇಗೆ? ಬಲ ಇದ್ದದ್ದು ಮುಖ್ಯ ಆದದ್ದು ಹೇಗೆ? ನಿನಗೆ ಬಿಡುವಿದೆಯಲ್ಲ, ಹುಡುಕಿ ಬರೆ.

ಇನ್ನೊಂದು ಪ್ರಶ್ನೆ. ಆ ಬ್ಯಾನರ್ ತಿದ್ದುವುದಕ್ಕೆ ಎಷ್ಟು ಹೊತ್ತು ಹಿಡಿಯಿತು, ನೆನಪಿದೆಯಾ?

ಮಲ್ಲಕ್ಕ

*

ಹೊಸದುರ್ಗ
೧೧ ಜುಲೈ ೨೦೨೪

ಪ್ರೀತಿಯ ಮಲ್ಲಕ್ಕ,

ನಿನ್ನ ಅಕ್ಷರ ಸ್ವಲ್ಪವೂ ಬದಲಾಗಿಲ್ಲ. ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದಂತೆಯೇ ಇದೆ, ಒತ್ತಿ ಒತ್ತಿ, ಹಿಂದಿನ ಪುಟಕ್ಕೂ ಮೂಡುವ ಹಾಗೆ.

ನಾಲ್ಕು ದಿನ ಇದೇ ಕೆಲಸ ಮಾಡಿದೆ. ತಾಲ್ಲೂಕು ಲೈಬ್ರರಿಗೂ ಹೋಗಿ ಬಂದೆ, ಫೋನಿನಲ್ಲೂ ಹುಡುಕಿದೆ. ಸಾವಿರಕ್ಕೂ ಹೆಚ್ಚು ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದ ಹೆಚ್ಚೂಕಡಿಮೆ 'ಮ್ಯಾಯೆನ್' ಎಂದು ಕೇಳಿಸುತ್ತಿತ್ತಂತೆ. ಅರ್ಥ ತೋಳಿನ ಬಲ, ಮೈಯ ಕಸುವು. ದಂಡಿಗೂ ಅದೇ ಪದ, ಬಲ ಎಂದರೆ ನಮ್ಮಲ್ಲೂ ಸೈನ್ಯ ತಾನೇ. ಮ್ಯಾಯೆನ್ ಎಂದು ಜೋರಾಗಿ ಹೇಳಿ ನೋಡು. ನಮ್ಮ 'ಮೈ' ಕೇಳಿಸುತ್ತದೆ. ಎರಡಕ್ಕೂ ಯಾವ ನಂಟೂ ಇಲ್ಲ, ಬರೀ ಕಿವಿಗೆ ಹಾಗೆ ಅನಿಸುತ್ತದೆ. ಆದರೂ ನಿನ್ನ ಅಪ್ಪ ಹೇಳಿದ 'ಮೈಯಾಗಿರೋದೆಲ್ಲ' ಓದಿದಾಗ ಒಂದು ಕ್ಷಣ ರೋಮಾಂಚನವಾಯಿತು.

ಅದರ ಒಡಹುಟ್ಟಿದವು ಇನ್ನೂ ಬದುಕಿವೆ. 'ಮೈಟ್' ಒಂದು. 'ಮೇ' ಇನ್ನೊಂದು. 'ಮೇ' ಎಂದರೆ ಮೊದಲು ಅನುಮತಿ ಅಲ್ಲವಂತೆ, ಶಕ್ತಿ ಇರುವುದು, ಕೈಲಾಗುವುದು. ಮೂವತ್ತು ವರ್ಷ ಮಕ್ಕಳು ಬಾಗಿಲಲ್ಲಿ ನಿಂತು "ಮೇ ಐ ಕಮಿನ್ ಮಿಸ್" ಎಂದರು. ಒಳಗೆ ಬರುವ ಕಸುವು ನನಗುಂಟೋ ಎಂದು ಕೇಳುತ್ತಿದ್ದರೆಂದು ನನಗೆ ಹೊಳೆದಿರಲಿಲ್ಲ.

ಇನ್ನು ಸತ್ತದ್ದು ಹೇಗೆ. ಯಾರೂ ಕೊಲ್ಲಲಿಲ್ಲ, ಮಲ್ಲಕ್ಕ. ಬೇರೆ ಪದಗಳು ಬಂದವು, ಫ್ರೆಂಚಿನಿಂದ ಬಂದ 'ಫೋರ್ಸ್' 'ಪವರ್' ಚಲಾವಣೆಯಾದವು. ಇದನ್ನು ಒಂಟಿಯಾಗಿ ಬಳಸುವವರು ಕಡಿಮೆಯಾದರು. 'ಮೈಟ್' ಜೊತೆ ಜೋಡಿಯಾಗಿ ನಿಂತದ್ದರಿಂದ ಅಲ್ಲಿ ಮಾತ್ರ ಉಳಿಯಿತು. ಇತ್ತ ಬಲವಾದದ್ದು, ದೊಡ್ಡದು ಎಂಬ ಅರ್ಥದಲ್ಲಿ ಬೇರೆ ಪದಗಳ ಮುಂದೆ ಸೇರುತ್ತಿದ್ದ 'ಮೇನ್' ನಿಧಾನವಾಗಿ ಮುಖ್ಯವಾದದ್ದು ಎಂದಾಯಿತು. ಬಲ ಮರೆತುಹೋಯಿತು, ಹಿರಿತನ ಉಳಿಯಿತು.

ನಮ್ಮ 'ಕಸುವು' ಕೂಡ ಹೀಗೇ ಆಗುತ್ತಿದೆಯೇ? ನನ್ನ ಕೊನೆಯ ಹತ್ತನೇ ಕ್ಲಾಸಿನ ಮಕ್ಕಳು ಮೊನ್ನೆ ಲೈಬ್ರರಿಯ ಹತ್ತಿರ ಸಿಕ್ಕಾಗ ಕೇಳಿದೆ. ಇಬ್ಬರಿಗೆ ಗೊತ್ತಿತ್ತು, ಅದೂ ಹೊಲದ ಮಣ್ಣಿನ ಮಾತಾಗಿ. ಉಳಿದವರು ಸ್ಟ್ರೆಂತ್ ಎಂದರು, ಪವರ್ ಎಂದರು, ಒಬ್ಬಳು ಸ್ಟ್ಯಾಮಿನಾ ಎಂದಳು.

ಬ್ಯಾನರಿಗೆ ಎಷ್ಟು ಹೊತ್ತು ಹಿಡಿಯಿತೋ ನೆನಪಿಲ್ಲ. ಹತ್ತು ನಿಮಿಷವಿರಬಹುದು.

ನಿನ್ನ ಅಪ್ಪನಿಗೆ ನಮಸ್ಕಾರ ತಿಳಿಸು.

ಅನುಸೂಯ

*

ಚಿಕ್ಕಜಾಜೂರು
೨೦ ಜುಲೈ ೨೦೨೪

ಅನುಸೂಯ,

ಪದದ ಕಥೆ ಎರಡು ಸಲ ಓದಿದೆ. ಬಲ ಮರೆತುಹೋಗಿ ಹಿರಿತನ ಉಳಿಯಿತು ಎಂದು ಬರೆದಿದ್ದೀಯ. ಆ ಮುಂದಿನ ವರ್ಷ ನೀನು ಹೆಡ್ ಮೇಡಂ ಆದೆ ಎಂಬುದು ನನಗೆ ಗೊತ್ತು.

ಹತ್ತು ನಿಮಿಷವಲ್ಲ, ನಲವತ್ತು ನಿಮಿಷ. ಒಣಗಿದ ನೀಲಿ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆಯಬೇಕಾಯಿತು. ನನ್ನ ಕೈಗೆ ಗೊತ್ತು.

ನಾನು ಮೈದಾನದಲ್ಲಿದ್ದೆ. ಆರು ಹುಡುಗಿಯರಿಗೆ ಗುಂಡು ಎಸೆತ ಹೇಳಿಕೊಡುತ್ತಿದ್ದೆ. ಅವರು ಗುಂಡು ತರಲು ಆಚೆ ತುದಿಗೆ ಹೋಗಿದ್ದಾಗ ನೀನು ಕಾರಿಡಾರಿನಿಂದ ಕೂಗಿದೆ: "ಮಲ್ಲಕ್ಕ, ಈಗಲೇ ಬಾ. ನಾಳೆ ಸಾಹೇಬ್ರು ಬರೋ ಹೊತ್ತಿಗೆ ಬಣ್ಣ ಒಣಗಬೇಕು." ಇವರನ್ನ ಬಿಟ್ಟು ಹೆಂಗ್ ಬರ್ಲಿ ಎಂದೆ. "ಐದು ನಿಮಿಷ ಕಣೇ" ಎಂದೆ ನೀನು. ಗುಂಡು ಮುಟ್ಟಬ್ಯಾಡ್ರಿ ಎಂದು ಹುಡುಗಿಯರಿಗೆ ಹೇಳಿ ಬಂದೆ.

ಆ ನಲವತ್ತು ನಿಮಿಷದಲ್ಲಿ ಬಿಂದು ಎರಡು ಕೈಯಲ್ಲಿ ಎರಡು ಗುಂಡು ಎತ್ತಿ ಗೆಳತಿಯರಿಗೆ ತೋರಿಸಿದಳು. ಒಂದು ಜಾರಿ ಬಲಗಾಲಿನ ಮೇಲೆ ಬಿತ್ತು. ಮೂರು ಮೂಳೆ ಮುರಿಯಿತು. ಹದಿನೈದು ವರ್ಷದ ಹುಡುಗಿ, ಜಿಲ್ಲೆಗೆ ಮೊದಲಿಗಳು, ಮರು ತಿಂಗಳು ರಾಜ್ಯಮಟ್ಟಕ್ಕೆ ಹೋಗಬೇಕಿದ್ದವಳು. ದಾವಣಗೆರೆಯ ಆಸ್ಪತ್ರೆಗೆ ಅವಳನ್ನು ಎತ್ತಿಕೊಂಡು ಹೋದವಳು ನಾನು.

ವಿಚಾರಣೆಗೆ ಬಂದ ಅಧಿಕಾರಿ ಕೇಳಿದರು, ಮೈದಾನ ಬಿಟ್ಟು ಯಾಕೆ ಹೋದಿರಿ ಎಂದು. ಅನುಸೂಯ ಮೇಡಂ ಕರೆದರು ಎಂದೆ. ಅವರು ನಿನ್ನ ಕಡೆ ತಿರುಗಿದರು. ನೀನು ಹೇಳಿದೆ: "ಬ್ಯಾನರ್ ಸರಿಮಾಡಬೇಕು ಅಂತ ಹೇಳಿದ್ದು ನಿಜ. ಈಗಲೇ ಬಾ ಅಂತ ಹೇಳಿಲ್ಲ."

ನಾನು ಮತ್ತೆ ಬಾಯಿ ಬಿಡಲಿಲ್ಲ. ಮೆಮೊ ಬಂತು, ವರ್ಗಾವಣೆ ಬಂತು. ನಾವಿಬ್ಬರೂ ಇದ್ದ ಮನೆಯಿಂದ ನನ್ನ ಟ್ರಂಕು ಹೊರಗೆ ತರುವಾಗ ನೀನು ಅಡುಗೆ ಮನೆಯಲ್ಲಿ ಏನೋ ಹುರಿಯುತ್ತಿದ್ದೆ. ತಿರುಗಿ ನೋಡಲಿಲ್ಲ.

ಮೇನ್ ಎಂಬ ಪದಕ್ಕೆ ನೀನು ಕೇಳಿದ ಕ್ಷಮೆ ಸಂದಿದೆ. ಅದು ನಿನಗೆ ಗೊತ್ತಿಲ್ಲದೆ ಆದ ತಪ್ಪು.

ಮಲ್ಲಕ್ಕ

*

ಹೊಸದುರ್ಗ
೨ ಅಕ್ಟೋಬರ್ ೨೦೨೪

ಮಲ್ಲಕ್ಕ,

ಎರಡು ತಿಂಗಳಿಗೂ ಮೇಲಾಯಿತು. ಮೈ ಹುಷಾರಿರಲಿಲ್ಲ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಹುಷಾರಾಗಿಯೇ ಇದ್ದೆ.

ಹೌದು. ಈಗಲೇ ಬಾ ಎಂದು ಹೇಳಿದ್ದೆ.

ಇಷ್ಟು ಬರೆಯಲು ಇಷ್ಟು ದಿನ ಬೇಕಾಯಿತು. ಜೂನಿನಲ್ಲಿ ಆ ನಿಘಂಟು ತೊಡೆಯ ಮೇಲಿದ್ದಾಗಲೇ ಎಲ್ಲವೂ ನೆನಪಾಗಿತ್ತು. ಆದರೂ ಬ್ಯಾನರಿನ ತಪ್ಪನ್ನಷ್ಟೇ ಮುಂದಿಟ್ಟೆ. ಅದು ಸಣ್ಣದು, ಒಪ್ಪಿಕೊಂಡರೆ ದೊಡ್ಡತನವೂ ಕಾಣುತ್ತದೆ. ಅದರ ಹಿಂದೆ ಉಳಿದದ್ದನ್ನು ನೀನು ಮರೆತಿರಬಹುದು ಎಂಬ ಆಸೆಯಿತ್ತು.

ಆ ತಿಂಗಳು ಬಡ್ತಿ ಪಟ್ಟಿ ತಯಾರಾಗುತ್ತಿತ್ತು. ನನ್ನ ಹೆಸರು ಅದರಲ್ಲಿತ್ತು. ಅಧಿಕಾರಿ ನನ್ನ ಕಡೆ ತಿರುಗಿದಾಗ ನಾನು ಯೋಚಿಸಲೇ ಇಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಯೋಚಿಸಿದೆ. ಹೇಳಲಿಲ್ಲ ಎಂದು ಪೂರ್ತಿ ಸುಳ್ಳು ಹೇಳುವುದು ನನ್ನಿಂದಾಗುತ್ತಿರಲಿಲ್ಲ. ಹಾಗಾಗಿ ವಾಕ್ಯದಿಂದ ಒಂದೇ ಒಂದು ಪದ ಕಿತ್ತೆ. 'ಈಗಲೇ' ಎಂಬುದನ್ನು. ಮಕ್ಕಳಿಗೆ ಖಾಲಿ ಬಿಟ್ಟ ಸ್ಥಳ ತುಂಬಿ ಎಂದು ಕಲಿಸುತ್ತಿದ್ದವಳು ನಾನು.

ನೀನು ಟ್ರಂಕು ಹೊರಗೆ ತರುವಾಗ ಹುರಿಯುತ್ತಿದ್ದದ್ದು ಹುರುಳಿಕಾಳು. ಕಪ್ಪಗೆ ಸೀದುಹೋಯಿತು. ಕೈ ಆಡಿಸುತ್ತಲೇ ಇದ್ದೆ, ನೋಡುತ್ತಿರಲಿಲ್ಲ. ತಿರುಗಿದ್ದರೆ ನೀನು ನನ್ನ ಮುಖ ನೋಡುತ್ತಿದ್ದೆ.

ಬಿಂದುವನ್ನು ಆಸ್ಪತ್ರೆಯಲ್ಲಿ ಒಂದೇ ಸಲ ನೋಡಿ ಬಂದೆ. ಆಮೇಲೆ ಎಲ್ಲಿದ್ದಾಳೆ, ಏನಾದಳು, ಕೇಳಿದವಳಲ್ಲ. ಪದ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದು ನಾಲ್ಕು ದಿನ ಲೈಬ್ರರಿಗೆ ಅಲೆದವಳು, ಆ ಹುಡುಗಿಯ ಬಗ್ಗೆ ಹನ್ನೆರಡು ವರ್ಷ ಯಾರನ್ನೂ ವಿಚಾರಿಸಲಿಲ್ಲ.

ಏನು ಮಾಡಲಿ ಹೇಳು. ಮಾಡುತ್ತೇನೆ.

ಅನುಸೂಯ

*

ಚಿಕ್ಕಜಾಜೂರು
೧೪ ಅಕ್ಟೋಬರ್ ೨೦೨೪

ಅನುಸೂಯ,

ಏನು ಮಾಡಬೇಕೆಂದು ನಾನು ಹೇಳುವುದಿಲ್ಲ. ಗೊತ್ತಿರುವುದನ್ನು ತಿಳಿಸುತ್ತೇನೆ.

ಬಿಂದು ಧರ್ಮಪುರದಲ್ಲಿದ್ದಾಳೆ. ಬಸ್ ಸ್ಟ್ಯಾಂಡಿನ ಹಿಂದೆ ಶೇಂಗಾ ಸುಲಿಯುವ ಮಷೀನು ಇಟ್ಟುಕೊಂಡಿದ್ದಾಳೆ. ಗಂಡ ಮಾರುತೇಶ್ ಹೊಲ ನೋಡಿಕೊಳ್ಳುತ್ತಾನೆ. ವರ್ಷಕ್ಕೊಮ್ಮೆ ಅವಳ ಫೋನ್ ಬರುತ್ತದೆ. ಕಾಲಿನ ಮಾತು ಅವಳೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಇನ್ನೊಂದು ವಿಷಯ. ಅಪ್ಪ ಇಪ್ಪತ್ತಾರು ವರ್ಷ ಗೇಟ್ ಕಾಯ್ದವನು. ಜ್ವರ ಬಂದಾಗಲೂ ಬದಲಿ ಆಳು ಬರುವ ತನಕ ಏಳುತ್ತಿರಲಿಲ್ಲ. ನಾನು ವರ್ಗವಾಗಿ ಬಂದ ದಿನ ಅಂಗಳದಲ್ಲಿ ಟ್ರಂಕು ಇಳಿಸುವಾಗಲೇ ಕೇಳಿದ: "ಮಕ್ಳನ್ನ ಬಿಟ್ಟು ಹೋಗಿದ್ದು ಹೌದಾ?" ಹೌದು ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ನಾನು ಹೇಳಲಿಲ್ಲ. ಹೇಳಿದರೆ ಬೇರೆಯವರ ಮೇಲೆ ಹಾಕುತ್ತಾಳೆ ಎಂದುಕೊಳ್ಳುತ್ತಿದ್ದ. ಊಟ, ಔಷಧಿ, ಮಳೆ, ರೈಲು ಎಲ್ಲದರ ಬಗ್ಗೆ ಮಾತಾಡುತ್ತೇವೆ. ನನ್ನ ಕೆಲಸದ ಬಗ್ಗೆ ಅವತ್ತಿನಿಂದ ಒಂದು ಮಾತೂ ಬಂದಿಲ್ಲ. ನನ್ನ ಬೀಳ್ಕೊಡುಗೆಗೂ ಅವನು ಬರಲಿಲ್ಲ, ಕಾಲು ನೋವು ಎಂದ.

ಅಪ್ಪ ಬಾಯಿ ಮಾತನ್ನು ನಂಬುವುದು ಕಡಿಮೆ. ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದ್ದನ್ನು ನಂಬುತ್ತಾನೆ.

ಮಲ್ಲಕ್ಕ

*

ಹೊಸದುರ್ಗ
೧೦ ನವೆಂಬರ್ ೨೦೨೪

ಪ್ರೀತಿಯ ಮಲ್ಲಕ್ಕ,

ಗುರುವಾರ ಧರ್ಮಪುರಕ್ಕೆ ಹೋಗಿದ್ದೆ. ಹಿರಿಯೂರಿನಲ್ಲಿ ಬಸ್ಸು ಬದಲಿಸಿದೆ. ಒಂದು ಗಂಟೆ ನಿಂತೇ ಹೋದೆ, ಶೇಂಗಾ ಕಾಲವಲ್ಲವೇ, ಬಸ್ಸಿನ ತುಂಬ ಚೀಲ.

ಬಿಂದು ನನ್ನನ್ನು ಗುರುತಿಸಲಿಲ್ಲ. ಹೆಗಲ ಮೇಲೆ ಒಂದು ಚೀಲ ಹೊತ್ತು ತೂಕದ ಕಡೆ ಹೋಗುತ್ತಿದ್ದಳು. ಬಲಗಾಲನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ಊರುತ್ತಾಳೆ. ಹೆಸರು ಹೇಳಿದೆ. ಚೀಲ ಇಳಿಸಿ ನಿಂತಳು. "ಇಂಗ್ಲಿಷ್ ಮೇಡಮ್ಮಾ, ಕುಂತ್ಕಳ್ರಿ" ಎಂದು ಮುರಿದ ಸ್ಟೂಲು ಕೊಟ್ಟಳು. ಅವಳ ಅತ್ತೆ ಒಳಗಿನಿಂದ ಮಜ್ಜಿಗೆ ತಂದರು. "ಇವಳಿಗಿರೋ ಸತ್ತುವ ನನ್ ಮಗನಿಗೂ ಇಲ್ಲ" ಎಂದರು. ಸತ್ತುವ ಎಂದರೇನಮ್ಮ ಎಂದು ಕೇಳದೇ ಇರಲಾಗಲಿಲ್ಲ. "ಕಸುವು ಕಣಮ್ಮ. ನಾವು ಆಂಧ್ರದ ಕಡೆಯೋರು, ಹಂಗಂತೀವಿ" ಎಂದರು. ಬಂದ ಕೆಲಸ ನೆನಪಾಗಿ ಲೋಟ ಕೆಳಗಿಟ್ಟೆ.

ಅತ್ತೆ ಒಳಗೆ ಹೋದ ಮೇಲೆ ಹೇಳಿದೆ. ಮಲ್ಲಕ್ಕ ಮೇಡಂ ಅವತ್ತು ತಾನಾಗಿ ಮೈದಾನ ಬಿಟ್ಟು ಹೋಗಲಿಲ್ಲ, ಈಗಲೇ ಬಾ ಎಂದು ಕರೆದವಳು ನಾನು, ಕೇಳಿದಾಗ ಇಲ್ಲವೆಂದೆ.

ಅವಳು ಮಷೀನಿನ ಬೆಲ್ಟಿಗೆ ಅಂಟಿದ್ದ ಸಿಪ್ಪೆ ಕಿತ್ತು ಹಾಕಿದಳು. ಆಮೇಲೆ ಹೇಳಿದಳು: "ಗುಂಡು ಮುಟ್ಟಬ್ಯಾಡ್ರಿ ಅಂತ ಹೇಳೇ ಹೋಗಿದ್ರು ಅವ್ರು. ಮುಟ್ಟಿದ್ದು ನಾನು. ನನ್ನಿಂದ ಅವ್ರಿಗೆ ಹಿಂಗಾತಲ್ಲ ಅಂತ ಇಷ್ಟು ವರ್ಷ ಅನ್ಕಂಡಿದೀನಿ. ಫೋನ್ ಮಾಡಿದಾಗೆಲ್ಲ ಹೇಳಬೇಕು ಅನ್ಸುತ್ತೆ, ಬಾಯಿ ಬರಲ್ಲ."

ಚೀಲವನ್ನು ಗೋಡೆಗೆ ಒರಗಿಸಿ ಕೇಳಿದಳು: "ಏನಕ್ಕೆ ಕರೆದಿದ್ರಿ ಮೇಡಂ?"

"ಬ್ಯಾನರಿನ ಒಂದು ಪದ ತಿದ್ದೋಕೆ."

"ತಪ್ಪಾಗಿತ್ತಾ?"

"ಇಲ್ಲ, ಸರಿ ಇತ್ತು. ಆ ಪದದ ಅರ್ಥ ನನಗೆ ಗೊತ್ತಿರಲಿಲ್ಲ."

"ಗೊತ್ತಿಲ್ಲ ಅನ್ನಬಹುದಿತ್ತಲ್ಲ" ಎಂದಳು. ಸಿಟ್ಟಿನಿಂದಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದಳು. ಹಿಂದಿರುಗುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಮಕ್ಕಳು ಏನು ಕೇಳಿದರೂ ಒಂದು ಉತ್ತರ ಕೊಟ್ಟು ಕಳಿಸಿದ್ದೇನೆ. ಗೊತ್ತಿಲ್ಲ, ಹುಡುಕೋಣ ಎಂದು ಒಮ್ಮೆಯಾದರೂ ಹೇಳಿದ ನೆನಪು ನನಗಿಲ್ಲ.

ಬಸ್ಸಿಗೆ ಹತ್ತಿಸಲು ಅವಳೇ ಬಂದಳು. ನನ್ನನ್ನು ಕ್ಷಮಿಸಿದಳೋ ಇಲ್ಲವೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ಸಲ ಫೋನ್ ಬಂದರೆ ನೀನೇ ಕಾಲಿನ ಮಾತು ಎತ್ತು. ಅವಳು ಕಾಯುತ್ತಿದ್ದಾಳೆ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಶುಕ್ರವಾರ ಇಲಾಖೆಯ ಕಚೇರಿಗೆ ಕೊಟ್ಟ ಹೇಳಿಕೆಯ ಪ್ರತಿ. ಅವತ್ತು ಏನಾಯಿತು, ನಾನು ಏನು ಹೇಳಿದೆ, ಯಾವುದನ್ನು ಮುಚ್ಚಿಟ್ಟೆ, ಎಲ್ಲ ಇದೆ. ಚಿತ್ತಯ್ಯ ಜೊತೆಗೆ ಬಂದಿದ್ದರು. ಅಲ್ಲಿಯ ಗುಮಾಸ್ತ ಓದಿ, "ಆ ಫೈಲು ಎಲ್ಲೈತೋ ಮೇಡಂ, ನೀವಿಬ್ರೂ ರಿಟೈರ್ ಆಗೀರಿ, ಇದರಿಂದ ಈಗ ಏನಾಗ್ಬೇಕು?" ಎಂದ. ತಲುಪಿದೆ ಎಂದು ಮೊಹರು ಹಾಕಿ ಕೊಡಿ, ಸಾಕು ಎಂದೆ. ಹಾಕಿದ. ಕೆಳಗೆ ನನ್ನ ಸಹಿ ಇದೆ, ತಾರೀಖು ಇದೆ.

ಅನುಸೂಯ

*

ಚಿಕ್ಕಜಾಜೂರು
೧ ಡಿಸೆಂಬರ್ ೨೦೨೪

ಪ್ರೀತಿಯ ಅನುಸೂಯ,

ಹಾಳೆ ಬಂದ ದಿನವೇ ಅಪ್ಪನಿಗೆ ಓದಲಿಲ್ಲ. ಒಂದು ವಾರ ಅಕ್ಕಿ ಡಬ್ಬದ ಮೇಲಿತ್ತು. ಇಷ್ಟು ವರ್ಷ ಇದಕ್ಕೇ ಕಾದವಳು, ಕೈಗೆ ಬಂದ ಮೇಲೆ ಅಂಜಿಕೆಯಾಯಿತು. ಓದಿದ ಮೇಲೂ ಅವನು ಹಾಗೇ ಇದ್ದರೆ?

ಹೋದ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದ. ಪಕ್ಕದಲ್ಲಿ ಕೂತು ಓದಿದೆ, ಒಂದು ಅಕ್ಷರ ಬಿಡದೆ. "ಮೊಹರು ಐತಾ?" ಎಂದ. ಅವನ ಬೆರಳು ಹಿಡಿದು ಮೊಹರಿನ ಮೇಲೆ ಇಟ್ಟೆ. "ಇನ್ನೊಂದ್ಸಲ ಓದು" ಎಂದ. ಓದಿದೆ.

ಆಮೇಲೆ ಹೇಳಿದ: "ಆಯಮ್ಮ ಕರೆದಿದ್ದು ತಪ್ಪು. ಇಲ್ಲ ಅಂದಿದ್ದು ಇನ್ನೂ ತಪ್ಪು. ಆದ್ರೆ ನೀನು ಹೋಗಬಾರದಿತ್ತು."

ಅನುಸೂಯ, ನನಗೆ ಮೊದಲು ಸಿಟ್ಟು ಬಂತು. ಹಾಳೆ ಮಡಿಸಿ ಏಳಲು ಹೋದೆ. ಎದ್ದು ಎಲ್ಲಿಗೆ ಹೋಗಲಿ? ಅವನು ಹೇಳಿದ್ದು ನಿಜ. ಆರು ಹುಡುಗಿಯರನ್ನು ಕಬ್ಬಿಣದ ಗುಂಡಿನ ಹತ್ತಿರ ಬಿಟ್ಟು ಹೋದದ್ದು ನನ್ನ ಕಾಲು. ನಿನ್ನ ಸುಳ್ಳು ಎಷ್ಟು ದೊಡ್ಡದಾಗಿತ್ತೆಂದರೆ ಅದರ ಹಿಂದೆ ನನ್ನ ತಪ್ಪು ನನಗೇ ಕಾಣುತ್ತಿರಲಿಲ್ಲ. "ಹೂನಪ್ಪ, ಹೋಗಬಾರದಿತ್ತು" ಎಂದೆ. ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ಒಂದು ಗೂಡ್ಸ್ ಗಾಡಿ ಹೋಯಿತು. ಅದರ ಸದ್ದು ಪೂರ್ತಿ ಅಡಗುವ ತನಕ ಕಾದು ಅಪ್ಪ ಹೇಳಿದ:

"ನಾನೂ ಒಂದ್ಸಲ ಗೇಟ್ ಬಿಟ್ಟು ಹೋಗಿದ್ದೆ."

ನಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡೆ.

"ನಿನಗಾಗ ಎರಡು ವರ್ಷ. ನಿಮ್ಮವ್ವಂಗೆ ಚೇಳು ಕಚ್ಚೈತೆ ಅಂತ ಯಾರೋ ಓಡಿ ಬಂದು ಹೇಳಿದ್ರು. ಮಟಮಟ ಮಧ್ಯಾಹ್ನ. ಗೇಟು ಹಂಗೇ ತೆಗೆದಿತ್ತು, ಓಡಿದೆ. ವಾಪಸ್ ಬರೋ ಹೊತ್ತಿಗೆ ಗಾಡಿ ದಾಟಿ ಹೋಗಿತ್ತು. ಆ ಹೊತ್ನಾಗೆ ರಸ್ತೆ ಮ್ಯಾಗೆ ಒಂದು ಎತ್ತಿನ ಬಂಡಿನೂ ಬಂದಿರಲಿಲ್ಲ. ರಿಜಿಸ್ಟರ್‌ನಾಗೆ ಗೇಟ್ ಹಾಕಿತ್ತು ಅಂತ ಬರೆದೆ."

ಯಾರಿಗೂ ಗೊತ್ತಾಗಲಿಲ್ವಾ ಎಂದು ಕೇಳಿದೆ.

"ಏನೂ ಆಗ್ಲಿಲ್ಲ, ಅದಕ್ಕೆ ಗೊತ್ತಾಗ್ಲಿಲ್ಲ. ನಿನಗೆ ಆತು, ಗೊತ್ತಾತು. ಅಷ್ಟೇ ವ್ಯತ್ಯಾಸ." ಮತ್ತೆ ಅಂದ: "ನೀನು ಟ್ರಂಕ್ ತಗಂಡು ಬಂದ ದಿನ ನಿನ್ನ ನೋಡಿದ್ರೆ ನನಗೆ ಆ ಗೇಟೇ ಕಾಣ್ತಿತ್ತು. ಅದಕ್ಕೆ ಮಾತಾಡ್ಲಿಲ್ಲ. ನಿನ್ನ ಮ್ಯಾಗಿನ ಸಿಟ್ಟಲ್ಲ ಅದು."

ನಾವಿಬ್ಬರೂ ಬಿಸಿಲು ಮೇಲೇರುವವರೆಗೆ ಅಲ್ಲೇ ಕೂತಿದ್ದೆವು. ಅವನು ನನ್ನ ಶಾಲೆಗಳ ಬಗ್ಗೆ ಕೇಳಿದ. ಎಷ್ಟು ಮಕ್ಕಳಿದ್ದರು, ಯಾವ ಆಟ ಕಲಿಸುತ್ತಿದ್ದೆ, ಗುಂಡಿನ ತೂಕ ಎಷ್ಟು. ನಾಲ್ಕು ಕೆ.ಜಿ. ಎಂದಾಗ, ಅಷ್ಟು ಹಗುರಾನಾ ಎಂದು ಆಶ್ಚರ್ಯಪಟ್ಟ.

ಮರುದಿನ ನಾನೇ ಬಿಂದುವಿಗೆ ಫೋನ್ ಮಾಡಿದೆ. ತಪ್ಪು ನಿನ್ನದಲ್ಲ ಎಂದು ಹೇಳಲು ಹೊರಟಿದ್ದೆ. ಅವಳೂ ಅದನ್ನೇ ಹೇಳಲು ಹೊರಟು ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಿಲ್ಲಿಸಿ, ಮತ್ತೆ ಒಟ್ಟಿಗೆ ಶುರುಮಾಡಿದೆವು.

ನಿನ್ನೆ ಊಟಕ್ಕೆ ಕೂತಾಗ ಅಪ್ಪ ಕೇಳಿದ, ಆಯಮ್ಮ ಈ ಕಡೆ ಯಾವಾಗ ಬರ್ತಾಳೆ ಎಂದು. ನನಗೆ ಗೊತ್ತಿಲ್ಲಪ್ಪ ಎಂದೆ.

"ಗೊತ್ತಿಲ್ಲ ಅಂದ್ರೆ ಬರೆದು ಕೇಳು" ಎಂದ.

ಕೇಳುತ್ತಿದ್ದೇನೆ.

ನಿನ್ನ
ಮಲ್ಲಕ್ಕ